ಗಾಜಿನ ಬಾಗಿಲಲ್ಲಿ ಕಂಡ ಬಿಳಿ ಚೌಕ: ಇಂಟೀರಿಯರ್ ರೆಂಡರ್ ಮಾಡುವವರೇ, ಒಮ್ಮೆ ಓದಿ

ನಾನು ಮಾಡಿಕೊಟ್ಟ ರೆಂಡರ್ (ಕಂಪ್ಯೂಟರ್‌ನಲ್ಲಿ ಮಾಡಿದ ಮನೆಯ ಚಿತ್ರ) ನೋಡಿ ಒಂದು ಮನೆಯವರು ಹಾಲ್‌ನ ಜಿಪ್ಸಮ್ ಸೀಲಿಂಗ್ ಕೊಯ್ಸಿ 4 ಅಡಿ ಉದ್ದದ ಪ್ಯಾನೆಲ್ ಲೈಟ್ ಕೂರಿಸಿದರು. ನಮ್ಮ ಡಿಸೈನ್‌ನಲ್ಲಿ ಅಂಥ ಲೈಟೇ ಇರಲಿಲ್ಲ. ಟಿವಿ ಯೂನಿಟ್‌ನ ಎತ್ತರದ ಕಪ್ಪು ಗಾಜಿನ ಬಾಗಿಲಲ್ಲಿ, ಮೇಲ್ಭಾಗದಲ್ಲಿ, ಓರೆಯಾದ ಒಂದು ಬಿಳಿ ಚೌಕ ಹೊಳೆಯುತ್ತಿತ್ತು. ಅದನ್ನು ನೋಡಿ ಅಲ್ಲಿ ಲೈಟ್ ಇದೆ ಅಂದುಕೊಂಡರು. ಗಾಜಿನಲ್ಲಿ ಕಂಡಿದ್ದು ಮನೆಯಲ್ಲಿ ಇರಲೇಬೇಕಲ್ವಾ? ಅವರದ್ದೇನೂ ತಪ್ಪಿಲ್ಲ. ತಪ್ಪು ಪೂರ್ತಿ ನನ್ನದು. ನಿಮಗೆ ಹೀಗಾಗದಿರಲಿ ಅಂತ ನಡೆದಿದ್ದನ್ನು ಬರೆಯುತ್ತಿದ್ದೇನೆ.

ನಾನು ರೆಂಡರ್ ಮಾಡುವುದು ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್‌ನ ಸೈಕಲ್ಸ್‌ನಲ್ಲಿ, ಅಂದರೆ ಬೆಳಕಿನ ಕಿರಣಗಳ ಲೆಕ್ಕ ಹಾಕಿ ಚಿತ್ರ ಮಾಡುವ ಅದರ ಭಾಗದಲ್ಲಿ. ಆ ಹಾಲ್‌ಗೆ ಬೆಳಕು ಬರುವುದು ಬಾಲ್ಕನಿ ಬಾಗಿಲಿಂದ ಮಾತ್ರ. ಸೋಫಾ ಮೂಲೆ ಕತ್ತಲು ಕತ್ತಲು. ಹಾಗಾಗಿ ಸೀಲಿಂಗ್‌ಗಿಂತ ಸ್ವಲ್ಪ ಕೆಳಗೆ ನನ್ನ ಟೆಂಪ್ಲೇಟ್ ಫೈಲಿನಲ್ಲಿದ್ದ (ಪ್ರತಿ ಕೆಲಸ ಶುರುಮಾಡುವ ಸಿದ್ಧ ಫೈಲ್) 4 ಅಡಿಗೆ 2 ಅಡಿಯ ಏರಿಯಾ ಲೈಟ್, ಅಂದರೆ ಹಲಗೆಯಂತೆ ಚಪ್ಪಟೆಯಾದ ಲೈಟ್, ಇಟ್ಟಿದ್ದೆ. ಅದರ ತುದಿ ಫ್ರೇಮಿನ ಮೇಲಂಚಿನಲ್ಲಿ ಕಾಣುತ್ತಿತ್ತು. ಲೈಟ್ ಯಾವ ಕಿರಣಕ್ಕೆ ಕಾಣಬೇಕು ಅಂತ ಹೇಳುವ ‘ರೇ ವಿಸಿಬಿಲಿಟಿ’ ಸೆಟ್ಟಿಂಗ್‌ನಲ್ಲಿ ‘ಕ್ಯಾಮೆರಾ’ ಟಿಕ್ ತೆಗೆದೆ, ಮಾಯವಾಯಿತು. ಆದರೆ ಆ ಟಿಕ್ ತೆಗೆದರೆ ಕ್ಯಾಮೆರಾದ ನೇರ ನೋಟಕ್ಕೆ ಮಾತ್ರ ಲೈಟ್ ಕಾಣುವುದಿಲ್ಲ. ಗ್ರಾನೈಟ್‌ಗೋ ಗಾಜಿಗೋ ಬಡಿದು ತಿರುಗಿದ ಕಿರಣಕ್ಕೆ ಅದು ಇದ್ದಲ್ಲೇ ಇರುತ್ತದೆ. ವಿ-ರೇ ಎಂಬ ಇನ್ನೊಂದು ರೆಂಡರ್ ಸಾಫ್ಟ್‌ವೇರ್ ಬಳಸುವವರಿಗೂ ಇದೇ ಕಥೆ. ಅಲ್ಲಿ ಲೈಟನ್ನು ನೇರ ನೋಟದಿಂದ ಮರೆಮಾಡುವ ‘ಇನ್ವಿಸಿಬಲ್’ ಬೇರೆ, ಪ್ರತಿಬಿಂಬದಲ್ಲಿ ಕಾಣಬೇಕೋ ಬೇಡವೋ ಅನ್ನುವ ‘ಅಫೆಕ್ಟ್ ರಿಫ್ಲೆಕ್ಷನ್ಸ್’ ಬೇರೆ.

ಮೊದಲು ಕಣ್ಣಿಗೆ ಬಿದ್ದಿದ್ದು ನೆಲದ ಮೇಲೆ. ಕಪ್ಪು ಗ್ರಾನೈಟ್‌ನಲ್ಲಿ, ಟೀಪಾಯಿಯ ಪಕ್ಕದಲ್ಲಿ, ಹಾಲು ಚೆಲ್ಲಿದಂತೆ ಒಂದು ಬಿಳಿ ಮಚ್ಚೆ. ರಾತ್ರಿ ಹನ್ನೊಂದಾಗಿತ್ತು, ಬೆಳಿಗ್ಗೆ ಕಳಿಸಬೇಕಿತ್ತು. ನಾಯ್ಸ್ (ಲೆಕ್ಕ ಸಾಲದೆ ಚಿತ್ರದಲ್ಲಿ ಉಳಿಯುವ ಕಾಳುಕಾಳು ಚುಕ್ಕಿ) ಇರಬೇಕು ಅಂತ ಸ್ಯಾಂಪಲ್, ಅಂದರೆ ಪ್ರತಿ ಪಿಕ್ಸೆಲ್‌ಗೆ ಲೆಕ್ಕ ಹಾಕುವ ಕಿರಣಗಳ ಸಂಖ್ಯೆ, 512ರಿಂದ 4096ಕ್ಕೆ ಏರಿಸಿದೆ. 40 ನಿಮಿಷದ ಫ್ರೇಮ್ ಐದು ತಾಸು ದಾಟಿತು. ಮಚ್ಚೆ ಹೋಗಲಿಲ್ಲ, ಅದರ ಅಂಚು ಇನ್ನೂ ಚೂಪಾಯಿತು. ಅಲ್ಲೇ ನನಗೆ ಹೊಳೆಯಬೇಕಿತ್ತು. ಸ್ಯಾಂಪಲ್ 4 ಪಟ್ಟು ಮಾಡಿದರೆ ನಾಯ್ಸ್ ಅರ್ಧಕ್ಕಿಳಿಯುತ್ತದೆ. ಸ್ಯಾಂಪಲ್ ಏರಿಸಿದಷ್ಟೂ ಸ್ಪಷ್ಟವಾಗುವ ಮಚ್ಚೆ ನಾಯ್ಸ್ ಅಲ್ಲ, ಅದು ಯಾವುದೋ ವಸ್ತುವಿನ ಪ್ರತಿಬಿಂಬ.

ಹೊಳೆಯಲಿಲ್ಲ. ಗ್ರಾನೈಟ್‌ನ ರಫ್‌ನೆಸ್ (ಮೇಲ್ಮೈಯ ಒರಟುತನ) ಜಾಸ್ತಿ ಮಾಡಿದೆ. ಮಚ್ಚೆ ಹರಡಿಕೊಂಡು ನೆಲವೆಲ್ಲ ಸಿಮೆಂಟ್ ಥರ ಮಂಕಾಯಿತು. ವಾಪಸ್ ಇಳಿಸಿದೆ. ಕೊನೆಗೆ ಬೆಳಗಿನ ಜಾವ ಫೋಟೋಶಾಪ್‌ನಲ್ಲಿ ನೆಲದ ಮಚ್ಚೆ ಒರೆಸಿ ಕಳಿಸಿಬಿಟ್ಟೆ. ಗಾಜಿನ ಬಾಗಿಲ ಕಡೆ ನೋಡಲೇ ಇಲ್ಲ. ದಯವಿಟ್ಟು ಇದೊಂದನ್ನು ಮಾಡಬೇಡಿ. ಕಾರಣ ಗೊತ್ತಾಗದೆ ಒರೆಸಿದ ಮಚ್ಚೆ ಇನ್ನೆಲ್ಲೋ ಉಳಿದಿರುತ್ತದೆ.

ಮೂರು ವಾರ ಬಿಟ್ಟು ಫೋನ್ ಬಂತು. ಲೈಟ್ ಹಾಕಿಸಿದ್ದೇವೆ, ಆದರೆ ಚಿತ್ರದಲ್ಲಿ ಇದ್ದ ಹಾಗೆ ಮೆತ್ತಗಿಲ್ಲ, ಕಣ್ಣಿಗೆ ಹೊಡೆಯುತ್ತದೆ, ಎಷ್ಟು ವ್ಯಾಟ್‌ದು ತರಬೇಕು ಹೇಳಿ, ಅಂತ. ನನ್ನ ಹತ್ತಿರ ಉತ್ತರವೇ ಇರಲಿಲ್ಲ. ಬ್ಲೆಂಡರ್‌ನ ವ್ಯಾಟ್ ಅಂದರೆ ಹೊರಬರುವ ಬೆಳಕಿನ ಶಕ್ತಿ. ಬಲ್ಬಿನ ಡಬ್ಬದ ಮೇಲಿನ ವ್ಯಾಟ್ ಅಂದರೆ ಅದು ತಿನ್ನುವ ಕರೆಂಟು. ಎರಡಕ್ಕೂ ನೇರ ಹೋಲಿಕೆ ಇಲ್ಲ. ಇದ್ದ ವಿಷಯ ಹೇಳಿದೆ. ಸೀಲಿಂಗ್ ಮುಚ್ಚಿಸಿದ ಖರ್ಚು ನಾನೇ ಕೊಟ್ಟೆ.

ಆಮೇಲೆ ಫೈಲ್ ತೆರೆದು ಕೂತೆ. ಹಾಲ್ ನಡುವೆ ಒಂದು ಗೋಲಿ ಇಟ್ಟೆ: ಮೆಟಾಲಿಕ್ 1, ರಫ್‌ನೆಸ್ 0. ಕನ್ನಡಿಯಂಥ ಆ ಗೋಲಿಯಲ್ಲಿ ಇಡೀ ಕೋಣೆ ಬಾಗಿ ಕಾಣುತ್ತದೆ. ಬಾಲ್ಕನಿ ಬಾಗಿಲು, ಸೀಲಿಂಗ್‌ನ ಸಣ್ಣ ಲೈಟ್‌ಗಳ ಚುಕ್ಕಿಗಳು, ಮತ್ತೆ ಮೇಲುಗಡೆ ಯಾವುದಕ್ಕೂ ಅಂಟದೆ ತೇಲುತ್ತಿದ್ದ ಆ ಬಿಳಿ ಹಲಗೆ. ಎರಡು ನಿಮಿಷದ ಕೆಲಸ ಅಷ್ಟೆ. ಬ್ಲೆಂಡರ್ 3.2ರಿಂದ, ಅಂದರೆ 2022ರಿಂದ, ಲೈಟ್ ಗ್ರೂಪ್ ಕೂಡ ಇದೆ. ಒಂದೇ ರೆಂಡರ್‌ನಲ್ಲಿ ಒಂದೊಂದು ಗುಂಪಿನ ಬೆಳಕನ್ನೂ ಬೇರೆ ಬೇರೆ ನೋಡಬಹುದು.

ಸರಿಪಡಿಸುವಾಗಲೂ ಒಂದು ಹುಷಾರು. ಲೈಟ್ ಪ್ರತಿಬಿಂಬದಲ್ಲಿ ಕಾಣುವಂತೆ ಮಾಡುವ ‘ಗ್ಲಾಸಿ’ ಟಿಕ್ಕನ್ನು ಎಲ್ಲ ಲೈಟ್‌ಗೂ ತೆಗೆಯಲು ಹೋಗಬೇಡಿ. ನಾನು ತೆಗೆದು ನೋಡಿದೆ. ಹಿತ್ತಾಳೆ ಉರುಳಿಯ ಕಂಠದ ಮೇಲಿದ್ದ ಹೊಳಪಿನ ಗೆರೆಗಳು ಹೋಗಿ, ಅದು ಮಣ್ಣಿನ ಪಾತ್ರೆಯಂತೆ ಕಂಡಿತು. ಹೊಳಪು ಅನ್ನುವುದೇ ಬೆಳಕಿನ ಪ್ರತಿಬಿಂಬ. ನನಗೆ ಸರಿ ಬಂದಿದ್ದು ಹೀಗೆ: ಹೊರಗಿನ ಬೆಳಕಿಗೆ ಎಚ್‌ಡಿಆರ್‌ಐ, ಅಂದರೆ ಸುತ್ತಲಿನ ಬೆಳಕನ್ನು ಹಿಡಿದಿಟ್ಟ ಫೋಟೋ, ಹಾಕಿದೆ. ಬಾಲ್ಕನಿ ಬಾಗಿಲಿನಷ್ಟೇ ಅಳತೆಯ ಏರಿಯಾ ಲೈಟ್ ಅಲ್ಲಿಟ್ಟು ‘ಪೋರ್ಟಲ್’ ಮಾಡಿದೆ. ಪೋರ್ಟಲ್ ತಾನಾಗಿ ಬೆಳಕು ಕೊಡುವುದಿಲ್ಲ, ಬೆಳಕು ಎಲ್ಲಿಂದ ಬರುತ್ತದೆ ಅಂತ ಸೈಕಲ್ಸ್‌ಗೆ ದಾರಿ ತೋರಿಸುತ್ತದೆ. ಎಕ್ಸ್‌ಪೋಷರ್ ಸ್ವಲ್ಪ ಏರಿಸಿದೆ. ಮೂಲೆಗೆ ಮಾತ್ರ ಮಂದವಾದ ಒಂದು ಫಿಲ್ ಲೈಟ್ (ಕತ್ತಲು ಕಡಿಮೆ ಮಾಡುವ ಲೈಟ್) ಉಳಿಸಿ, ಅದೊಂದರ ಗ್ಲಾಸಿ ತೆಗೆದೆ. ಗಾಜಿನಲ್ಲಿ ಈಗ ಬಾಲ್ಕನಿ ಕಾಣುತ್ತದೆ, ಕಾಣಬೇಕಾದದ್ದು ಅದೇ.

ಈಗ ಕಳಿಸುವ ಮೊದಲು ಚಿತ್ರವನ್ನು ದೊಡ್ಡದು ಮಾಡಿ ಗಾಜು, ನೆಲ, ಕನ್ನಡಿ, ನಲ್ಲಿ, ಫೋಟೋ ಫ್ರೇಮ್ ಎಲ್ಲದರ ಮೇಲೂ ಬೆರಳಿಟ್ಟು ನೋಡುತ್ತೇನೆ. ಹೊಳೆಯುವ ಪ್ರತಿ ಚೌಕಕ್ಕೂ ಪ್ಲಾನ್‌ನಲ್ಲಿ ಒಂದು ಕಿಟಕಿಯೋ ಲೈಟೋ ಇರಬೇಕು. ಇಲ್ಲದಿದ್ದರೆ ಕಳಿಸುವುದಿಲ್ಲ.

ಕೊನೆಗೊಂದು ಮಾತು. ಆ ಲೈಟ್ ಬಂದಿದ್ದು ನನ್ನದೇ ಟೆಂಪ್ಲೇಟ್ ಫೈಲಿನಿಂದ. ಅದನ್ನು ಕೇಳಿದ ಗೆಳೆಯರಿಗೆಲ್ಲ ಕೊಟ್ಟಿದ್ದೇನೆ. ನಿಮ್ಮ ಹತ್ತಿರ ಅದು ಇದ್ದರೆ, ಔಟ್‌ಲೈನರ್‌ನಲ್ಲಿ (ಫೈಲಿನ ವಸ್ತುಗಳ ಪಟ್ಟಿ) ‘ಫಿಲ್ ಸೀಲಿಂಗ್’ ಅನ್ನುವ ಲೈಟ್ ಹುಡುಕಿ ಇವತ್ತೇ ಅಳಿಸಿ. ಅದರಲ್ಲಿ ಈಗಾಗಲೇ ಮಾಡಿ ಕೊಟ್ಟ ಮನೆಗಳಿದ್ದರೆ, ಆ ಚಿತ್ರಗಳ ಗಾಜುಗಳನ್ನೂ ಒಮ್ಮೆ ನೋಡಿ.