ಮೆಕ್ಯಾನಿಕ್ ಸ್ಟೆಥೊಸ್ಕೋಪು: ಪಿಕಪ್ ಕೊಟ್ಟಾಗ ಬರುವ ಸದ್ದು ಇದರಿಂದ ಸಿಗುತ್ತದೆಯೇ?

ಪುಣೆಯಿಂದ ಬೆಳಗಾವಿಗೆ ಹೊರಟ ಕಾರು ಖಂಬಾಟಕಿ ಘಾಟ್ ಏರುವಾಗ ಸದ್ದು ಮಾಡುತ್ತದೆ, ಗ್ಯಾರೇಜಿನ ಮುಂದೆ ನಿಂತ ಕೂಡಲೇ ಸುಮ್ಮನಾಗುತ್ತದೆ. ಹಬ್ಬಕ್ಕೆಂದು ಊರಿಗೆ ಓಡಾಡುವ ಪುಣೆಯ ಕನ್ನಡಿಗರಿಗೆ ಈ ಪೇಚಾಟ ಹೊಸದಲ್ಲ. ಮೂಲ ಗೊತ್ತಾಗದೆ ಒಂದೊಂದೇ ಪಾರ್ಟು ಬದಲಿಸುತ್ತ ಹೋದರೆ ದುಡ್ಡು ಹೋಗುತ್ತದೆ, ಸದ್ದು ಉಳಿಯುತ್ತದೆ. ಕೆಲವು ನೂರು ರೂಪಾಯಿಯ ಮೆಕ್ಯಾನಿಕ್ ಸ್ಟೆಥೊಸ್ಕೋಪು ಈ ಕೆಲಸಕ್ಕೆ ನಿಜವಾಗಿ ಒದಗುತ್ತದೆ, ಆದರೆ ಅರ್ಧ ಕೆಲಸಕ್ಕೆ ಮಾತ್ರ. ಆ ಅರ್ಧ ಯಾವುದು ಎಂದು ತಿಳಿದೇ ಕೊಳ್ಳಬೇಕು.

ನೋಡಲು ಡಾಕ್ಟರ ಸ್ಟೆಥೊಸ್ಕೋಪಿನ ಹಾಗೇ ಇದೆ. ಎದೆಗೆ ಇಡುವ ಬಿಲ್ಲೆಯ ಜಾಗದಲ್ಲಿ ಸಣ್ಣ ಲೋಹದ ಡಬ್ಬಿ, ಅದಕ್ಕೆ ತಿರುಗಿಸಿ ಕೂರಿಸುವ ಉದ್ದನೆಯ ಉಕ್ಕಿನ ಕಡ್ಡಿ. ಕಡ್ಡಿಯ ತುದಿಯನ್ನು ಎಂಜಿನ್ನಿನ ಗಟ್ಟಿ ಲೋಹಕ್ಕೆ ಒತ್ತಿದರೆ ಒಳಗಿನ ಅದುರುವಿಕೆ ಡಬ್ಬಿಯ ತೆಳು ತಗಡಿಗೆ ಬಂದು ಕಿವಿಗೆ ತಲುಪುತ್ತದೆ. ಹಳೆ ಮಿಸ್ತ್ರಿಗಳು ಉದ್ದ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಒತ್ತಿ ಇದನ್ನೇ ಮಾಡುತ್ತಾರೆ. ಸ್ಟೆಥೊಸ್ಕೋಪಿನಲ್ಲಿ ಮುಖವನ್ನು ಬೆಲ್ಟು, ಫ್ಯಾನುಗಳ ಹತ್ತಿರ ಒಯ್ಯಬೇಕಿಲ್ಲ ಎಂಬುದೇ ದೊಡ್ಡ ಅನುಕೂಲ.

ಕಡ್ಡಿ ಹಿಡಿಯುವ ಮೊದಲು ಎರಡು ಪರೀಕ್ಷೆ ಮಾಡಿ, ಅವಕ್ಕೆ ಖರ್ಚಿಲ್ಲ. ಗಾಡಿ ನ್ಯೂಟ್ರಲ್‌ನಲ್ಲಿ ನಿಂತಿರುವಾಗ ಎಂಜಿನ್ನನ್ನು ನಿಧಾನಕ್ಕೆ 2500-3000 ಆರ್‌ಪಿಎಂವರೆಗೆ (ನಿಮಿಷಕ್ಕೆ ಎಂಜಿನ್ ಸುತ್ತುವ ಲೆಕ್ಕ) ಏರಿಸಿ. ಸದ್ದು ಬಂದರೆ ಅದು ಹೆಚ್ಚಾಗಿ ಎಂಜಿನ್, ಬೆಲ್ಟು ಅಥವಾ ಸೈಲೆನ್ಸರ್ ಕಡೆಯದು, ಸ್ಟೆಥೊಸ್ಕೋಪಿನ ಕೈಗೆ ಸಿಗುತ್ತದೆ. ಎರಡನೆಯದು, ಖಾಲಿ ನೇರ ರಸ್ತೆಯಲ್ಲಿ 50ರ ವೇಗದಲ್ಲಿ ಎಕ್ಸಲರೇಟರಿನಿಂದ ಕಾಲು ತೆಗೆಯಿರಿ. ಆಗಲೂ ಗುಂಯ್‌ಗುಡುತ್ತಿದ್ದು, ವೇಗ ಇಳಿದ ಹಾಗೆ ಇಳಿದರೆ ಟೈರು ಅಥವಾ ಚಕ್ರದ ಬೇರಿಂಗ್ ಮೇಲೆ ಅನುಮಾನ. ಎಡಕ್ಕೆ ತಿರುಗಿದಾಗ ಭಾರ ಬಲಚಕ್ರದ ಮೇಲೆ ಬೀಳುತ್ತದೆ, ಆಗ ಸದ್ದು ಜೋರಾದರೆ ಸಾಮಾನ್ಯವಾಗಿ ಬಲಗಡೆಯ ಬೇರಿಂಗ್ ಸವೆದಿದೆ.

ಸ್ಟೆಥೊಸ್ಕೋಪಿನ ನಿಜವಾದ ಬೆಲೆ ತಿಳಿಯುವುದು ಬೆಲ್ಟಿನ ಸುತ್ತ. ಆಲ್ಟರ್ನೇಟರ್, ವಾಟರ್ ಪಂಪ್, ಎಸಿ ಕಂಪ್ರೆಸರ್, ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್ ಎಲ್ಲ ಒಂದೇ ಕಡೆ ಕೂತಿರುವುದರಿಂದ ಬರಿಗಿವಿಗೆ ಎಲ್ಲವೂ ಒಂದೇ ಗದ್ದಲ. ಕಡ್ಡಿಯನ್ನು ಆಲ್ಟರ್ನೇಟರಿನ ಮೈಗೆ ಒತ್ತಿ ಐದು ಸೆಕೆಂಡ್ ಕೇಳಿ, ನಂತರ ಟೆನ್ಷನರಿನ ಅಲುಗಾಡದ ಭಾಗಕ್ಕೆ, ನಂತರ ವಾಟರ್ ಪಂಪಿಗೆ. ಒಳ್ಳೆಯ ಬೇರಿಂಗ್ ನಯವಾದ ಶ್‌ಶ್ ಎನ್ನುತ್ತದೆ. ಸವೆದದ್ದು ಬೀಸುಕಲ್ಲಿನಲ್ಲಿ ರಾಗಿ ಬೀಸಿದ ಹಾಗೆ ಗರಗರ ಎನ್ನುತ್ತದೆ. ಈ ವ್ಯತ್ಯಾಸ ಒಮ್ಮೆ ಕಿವಿಗೆ ಬಿದ್ದರೆ ಮರೆಯುವುದಿಲ್ಲ. ಹಾಗಾಗಿ ಮೊದಲು ಸದ್ದಿಲ್ಲದ ಕಾರಿನ ಮೇಲೆ ಅಭ್ಯಾಸ ಮಾಡಿ. ಪೆಟ್ರೋಲ್ ಇಂಜೆಕ್ಟರಿನ ಚಿಟ್‌ಚಿಟ್ ಕೇಳಿ ಗಾಬರಿಯಾಗುವವರು ಬಹಳ, ಅದು ಇರಬೇಕಾದ ಸದ್ದೇ.

ಕಿರುಚುವುದು ಬೆಲ್ಟೇ ಎನ್ನಿಸಿದರೆ ಅದರ ಗೀರುಗಳಿರುವ ಬದಿಗೆ ದೂರದಿಂದ ಸ್ವಲ್ಪ ನೀರು ಸಿಂಪಡಿಸಿ. ಸದ್ದು ಕ್ಷಣ ನಿಂತು ಮತ್ತೆ ಬಂದರೆ ಬೆಲ್ಟು ಸುತ್ತುವ ಗಾಲಿಗಳು, ಅಂದರೆ ಪುಲ್ಲಿಗಳು, ನೇರ ಸಾಲಿನಲ್ಲಿಲ್ಲ. ಇನ್ನೂ ಜೋರಾದರೆ ಬಿಗಿ ಸಾಲದೆ ಬೆಲ್ಟು ಜಾರುತ್ತಿದೆ. ಎರಡರಲ್ಲೂ ಬರೀ ಹೊಸ ಬೆಲ್ಟು ಹಾಕಿದರೆ ಸದ್ದು ಮರಳಿ ಬರಬಹುದು.

ಸೈಲೆನ್ಸರಿನ ಸೋರಿಕೆ ಹುಡುಕಲು ಕಡ್ಡಿ, ಡಬ್ಬಿ ಎರಡನ್ನೂ ಕಳಚಿ ಬರೀ ರಬ್ಬರ್ ಪೈಪಿನ ಬಾಯಿಯನ್ನು ಜೋಡಣೆಗಳ ಹತ್ತಿರ, ಬಿಸಿಗೆ ತಾಕದ ಹಾಗೆ, ಸುತ್ತಾಡಿಸಿ. ಜೋಡಣೆಯ ಸಂದು ಮುಚ್ಚುವ ಗ್ಯಾಸ್ಕೆಟ್ ಸೀಳಿದ್ದರೆ ಬೆಳಿಗ್ಗೆ ತಣ್ಣನೆಯ ಎಂಜಿನ್ನಿನಲ್ಲಿ ಟಿಕ್‌ಟಿಕ್ ಜೋರು, ಕಾದ ಮೇಲೆ ಕಮ್ಮಿ, ಪಕ್ಕದಲ್ಲಿ ಕಪ್ಪು ಮಸಿ. ಇದನ್ನು ಸೊಸೈಟಿಯ ಬೇಸ್‌ಮೆಂಟಿನಲ್ಲಿ ಮಾಡಲೇಬೇಡಿ. ಎಕ್ಸಾಸ್ಟಿನ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಪ್ರಾಣ ತೆಗೆಯುತ್ತದೆ. ಒಂದೇ ಆರ್‌ಪಿಎಂನಲ್ಲಿ ಡಬ್ಬ ಅಲುಗಾಡಿಸಿದಂತೆ ಕೇಳಿದರೆ ಬಿಸಿ ತಡೆಯುವ ತಗಡು (ಹೀಟ್ ಶೀಲ್ಡ್) ಸಡಿಲವಾಗಿರಬಹುದು. ಎಂಜಿನ್ ತಣ್ಣಗಾದ ಮೇಲೆ ಮುಷ್ಟಿಯಿಂದ ತಟ್ಟಿದರೆ ಗೊತ್ತಾಗುತ್ತದೆ. ಎಷ್ಟೋ ಸಲ ಸ್ಟೇನ್‌ಲೆಸ್ ಸ್ಟೀಲಿನ ದೊಡ್ಡ ಹೋಸ್ ಕ್ಲಿಪ್ ಒಂದೇ ಸಾಕು.

ಇನ್ನುಳಿದ ಅರ್ಧಕ್ಕೆ ಈ ಸಲಕರಣೆ ಕೈಕೊಡುತ್ತದೆ. ಭಾರ ಎಳೆಯುವಾಗ ಮಾತ್ರ ಹುಟ್ಟುವ ಸದ್ದು ನಿಂತ ಗಾಡಿಯಲ್ಲಿ ಇರುವುದೇ ಇಲ್ಲ. ತಿರುವಿನಲ್ಲಿ ಕಟಕಟ ಎಂದರೆ ಚಕ್ರಕ್ಕೆ ಬಲ ಒಯ್ಯುವ ದಂಡದ ಹೊರಗಿನ ಕೀಲು (ಸಿವಿ ಜಾಯಿಂಟು), ನೇರ ಪಿಕಪ್ಪಿನಲ್ಲಿ ನಡುಕ ಬಂದರೆ ಒಳಗಿನದು. ಚಕ್ರದ ಒಳಬದಿಯಲ್ಲಿ ಗ್ರೀಸ್ ಎರಚಿದ್ದರೆ ಆ ಕೀಲನ್ನು ಮುಚ್ಚುವ ರಬ್ಬರ್ ಬೂಟು ಹರಿದಿದೆ. ಗೇರ್ ಹಾಕಿ ಹೊರಟಾಗ ದಡ್ ಎಂದರೆ ಎಂಜಿನ್ನನ್ನು ಹೊತ್ತು ಹಿಡಿಯುವ ಎಂಜಿನ್ ಮೌಂಟ್ ನೋಡಿಸಿ. ಏರಿನಲ್ಲಿ ದೊಡ್ಡ ಗೇರಿನಲ್ಲೇ ಒತ್ತಿದಾಗ ಗೋಲಿ ಅಲ್ಲಾಡಿಸಿದ ಹಾಗೆ ಕೇಳಿಸಿದರೆ ಅದು ನಾಕಿಂಗ್, ಅಂದರೆ ಸಿಲಿಂಡರಿನಲ್ಲಿ ಇಂಧನ ಹದ ತಪ್ಪಿ ಉರಿಯುವ ಸದ್ದು. ಕೂಡಲೇ ಗೇರ್ ಇಳಿಸಿ. ಇಂಥವಕ್ಕೆ ಗಾಡಿಯಡಿ ಕ್ಲಿಪ್ಪಿನಿಂದ ಮೈಕು ಸಿಕ್ಕಿಸಿ, ಓಡಿಸುತ್ತ ಕೇಳುವ ಬೇರೆ ಕಿಟ್ ಇದೆ. ಒಂದೇ ಕಾರು ಇರುವವರಿಗೆ ಅದು ದುಂದು, ಗ್ಯಾರೇಜಿಗೆ ಸರಿ.

ಪುಣೆಯ ಬೊಹ್ರಿ ಆಳಿಯ ಟೂಲ್ಸ್ ಅಂಗಡಿಗಳಲ್ಲಿ ವಿಚಾರಿಸಿ, ಆನ್‌ಲೈನಿನಲ್ಲೂ ಸಿಗುತ್ತದೆ. ಅಂಗಡಿಯಲ್ಲೇ ಕಿವಿಗೆ ಹಾಕಿ ಕಡ್ಡಿಯ ತುದಿಯನ್ನು ಉಗುರಿನಿಂದ ಮೆಲ್ಲಗೆ ಗೀರಿ. ಎರಡೂ ಕಿವಿಗೆ ಸಮನಾಗಿ ಕೇಳಬೇಕು. ಅಗ್ಗದವುಗಳಲ್ಲಿ ಕಡ್ಡಿಯ ತಿರುಪು (ಥ್ರೆಡ್) ಸಡಿಲವಿದ್ದು ಅದೇ ಜಿರ್ ಎನ್ನುತ್ತದೆ, ಆ ಸದ್ದನ್ನು ಬೇರಿಂಗಿನದೆಂದು ನಂಬಿ ಪಾರ್ಟು ಬದಲಿಸುವ ಅಪಾಯವಿದೆ. ನಲ್ಲಿಗೆ ಸುತ್ತುವ ಟೆಫ್ಲಾನ್ ಟೇಪನ್ನು ಆ ತಿರುಪಿಗೆ ಎರಡು ಸುತ್ತು ಹಾಕಿ ಬಿಗಿದರೆ ಜಿರ್ ನಿಲ್ಲುತ್ತದೆ.