ಯಾರೂ ದಿಟ್ಟಿಸದ ಸಮುದ್ರ: ಕೇರಿ, ಪ್ಯಾರಡೈಸ್, ಅಗೊಂಡ

ಮೊದಲೇ ಹೇಳಿಬಿಡುತ್ತೇನೆ, ಗೋವಾದ ಕೇರಿ, ಅಗೊಂಡ, ಗೋಕರ್ಣದ ಪ್ಯಾರಡೈಸ್ ಈ ಮೂರು ಬೀಚುಗಳಲ್ಲಿ ನನ್ನ ಓಟು ಅಗೊಂಡಕ್ಕೆ. ಬೆಳಗಾವಿಯಿಂದ ಹೊರಟ ಹೆಣ್ಣುಮಕ್ಕಳು ಸ್ವಿಮ್‌ಸೂಟ್ ಹಾಕಿಕೊಂಡು ನೆಮ್ಮದಿಯಾಗಿ ನೀರಿಗಿಳಿಯಬೇಕು ಅಂದರೆ ಈ ಮೂರರಲ್ಲಿ ಅದೇ ಸರಿ. ನಾನು, ನಮ್ಮ ವೈನಿ (ಅಣ್ಣನ ಹೆಂಡತಿ) ಇಬ್ಬರೂ ಈಜು ಕಲಿತದ್ದು ಈಜುಕೊಳದ ಲೇಡೀಸ್ ಬ್ಯಾಚಿನಲ್ಲಿ. ಅಲ್ಲಿಲ್ಲದ ಸಂಕೋಚ ಸಮುದ್ರಕ್ಕೆ ಬಂದ ಕೂಡಲೇ ಯಾಕೆ ಬರಬೇಕು? ಚೂಡಿದಾರದಲ್ಲೇ ಮುಳುಗಿ ಏಳುವುದು ಈಜಲ್ಲ.

ಬಟ್ಟೆಯೇ ಇಲ್ಲದೆ ಇರಬಹುದಾದ ಬೀಚ್ ಯಾವುದು ಅಂತ ಗೆಳತಿಯರು ಮೆಲ್ಲಗೆ ಕೇಳುವುದುಂಟು. ಕಾನೂನು ಒಪ್ಪಿದ ಅಂಥ ಬೀಚ್ ನಮ್ಮ ದೇಶದಲ್ಲಿ ಒಂದೂ ಇಲ್ಲ. 1960–70ರ ದಶಕದಲ್ಲಿ ಹಿಪ್ಪಿಗಳು ಅಂಜುನಾದಲ್ಲಿ ಹಾಗೆ ಇರುತ್ತಿದ್ದರು. ಆ ಹೆಸರು ಗೋವಾ, ಗೋಕರ್ಣಕ್ಕೆ ಇನ್ನೂ ಅಂಟಿಕೊಂಡಿದೆ ಅಷ್ಟೇ. ಈಗ ಹಾಗೆ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 296ನೇ ಕಲಂ ಬೀಳಬಹುದು. 3 ತಿಂಗಳವರೆಗೆ ಜೈಲು, ಇಲ್ಲವೇ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ನನಗೆ ಅಷ್ಟು ಬೇಕಿಲ್ಲ. ತೋಳಿಗೆ, ಬೆನ್ನಿಗೆ ಬಿಸಿಲು ತಾಗಬೇಕು, ಯಾರೂ ನಮ್ಮ ಕಡೆ ಮೊಬೈಲ್ ಎತ್ತಬಾರದು. ಇಷ್ಟು ಕೇಳುವುದು ತಪ್ಪಲ್ಲ, ಅಲ್ವಾ?

ಮೂರರಲ್ಲಿ ಕೇರಿ ಬೀಚೇ ನಮಗೆ ಹತ್ತಿರ. ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿದು ಹೋಗಬೇಕು. ಘಾಟ್ ಇಳಿದ ಕೂಡಲೇ ಸಿಗುವ ಸತ್ತರಿಯ ಕೇರಿ ಇದಲ್ಲ, ತೆರೆಖೋಲ್ ನದಿ ಸಮುದ್ರ ಸೇರುವಲ್ಲಿರುವ ಕೇರಿ. ಬೆಳಿಗ್ಗೆ ಹೋಗಿ ರಾತ್ರಿ ಮನೆಗೆ ಬರಬಹುದು, ಖರ್ಚು ಪೆಟ್ರೋಲಿನದ್ದು ಮಾತ್ರ. ಆದರೆ ಭಾನುವಾರ ಗಾಳಿಮರದ ನೆರಳಿನಲ್ಲಿ ನಿಂತಿರುವುದೆಲ್ಲ ಕೆಎ 22 ನಂಬರಿನ ಗಾಡಿಗಳೇ. ಗುರುತಿನವರು ಸಿಕ್ಕರೆ ಸ್ವಿಮ್‌ಸೂಟ್ ಬ್ಯಾಗಿನಲ್ಲೇ ಉಳಿಯುತ್ತದೆ. ನದಿಯ ಬಾಯಿಯ ಹತ್ತಿರ ನೀರಿನ ಸೆಳೆತವೂ ಜಾಸ್ತಿ.

ನೋಡಲು ಗೋಕರ್ಣದ ಪ್ಯಾರಡೈಸೇ ಚೆಂದ. ಓಂ ಬೀಚಿನಿಂದ ಗುಡ್ಡ ಹತ್ತಿಳಿದು, ಹಾಫ್ ಮೂನ್ ದಾಟಿ, ಮತ್ತೆ ಬಂಡೆಗಳ ಮೇಲೆ ನಡೆಯಬೇಕು. ಇಲ್ಲ ದೋಣಿ ಹಿಡಿಯಬೇಕು. ನಾವು ನಸುಕಿನಲ್ಲೇ ನಡೆದು ಹೋದೆವು, ಅಣ್ಣ ಓಂ ಬೀಚಿನಲ್ಲೇ ಉಳಿದ. ಬೀಚಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಚೂಡಿದಾರ ಬಂಡೆಯ ಮೇಲೆ ಬಿಟ್ಟು ಒಂದು ತಾಸು ಈಜಿದೆವು. ಅಷ್ಟು ಖುಷಿಯಾಗಿ ವೈನಿ ನಕ್ಕದ್ದನ್ನು ನಾನು ಮನೆಯಲ್ಲಿ ನೋಡಿಲ್ಲ.

ಆಮೇಲೆ ದೋಣಿ ಬಂತು. ಇಳಿದವರು ಮೊದಲು ಮಾಡಿದ್ದೇ ಮೊಬೈಲ್ ಹೊರತೆಗೆದದ್ದು. ಒದ್ದೆ ಸ್ವಿಮ್‌ಸೂಟಿನ ಮೇಲೆಯೇ ಚೂಡಿದಾರ ಏರಿಸಿಕೊಂಡೆವು. ಬಿಸಿಲು ಏರಿದ ಮೇಲೆ ಹಾಗೆಯೇ ಮತ್ತೆ ನೀರಿಗಿಳಿದೆವು. ಮೇಲೆ ಬಂದಾಗ ಮೈಮೇಲಿನದ್ದೆಲ್ಲ ತೊಯ್ದು ತಪ್ಪಡಿ. ಬದಲಿಸಲು ಒಂದು ಕೋಣೆಯಿಲ್ಲ, ಸಿಹಿನೀರಿನ ನಲ್ಲಿಯಿಲ್ಲ.

ಬಂಡೆಯ ಮರೆಗೆ ಹೋದೆವು. ವೈನಿ ದುಪಟ್ಟಾವನ್ನು ಪರದೆಯಂತೆ ಹಿಡಿದರು. ಸಲ್ವಾರದ ಲಾಡಿ ಹತ್ತಿಯದ್ದು. ಉಪ್ಪುನೀರು ಕುಡಿದು ಉಬ್ಬಿ, ಗಂಟಿನೊಳಗೆ ಮರಳು ಸೇರಿ ಕಲ್ಲಾಗಿತ್ತು. ಉಗುರು ಹಾಕಿದರೆ ಉಗುರು ಮುರಿಯಿತು. ವೈನಿ ಬಗ್ಗಿ ಹಲ್ಲಿನಿಂದ ಎಳೆಯಲು ನೋಡಿದರು. ಅಷ್ಟರಲ್ಲಿ ಗಾಳಿಗೆ ದುಪಟ್ಟಾ ಕೈತಪ್ಪಿತು, ಇನ್ನೊಂದು ದೋಣಿಯ ಸದ್ದೂ ಕೇಳಿತು. ಬಿಟ್ಟುಬಿಟ್ಟೆವು. ಒದ್ದೆಯಲ್ಲೇ ಗುಡ್ಡ ಹತ್ತಿಳಿದು ಕಾರಿಗೆ ಬರುವಷ್ಟರಲ್ಲಿ ತೊಡೆ ಉಜ್ಜಿ ಕೆಂಪಾಗಿತ್ತು. ಅರಬೈಲ್ ಘಾಟ್ ಪೂರ್ತಿ ಇಬ್ಬರೂ ಸೀಟಿನ ಮೇಲೆ ಟವೆಲ್ ಹಾಸಿಕೊಂಡು ಉರಿಯಲ್ಲೇ ಕುಳಿತಿದ್ದೆವು. ಯಲ್ಲಾಪುರದಲ್ಲಿ ಚಹಾಕ್ಕೆ ಇಳಿಯಲಿಕ್ಕೂ ಮನಸ್ಸು ಬರಲಿಲ್ಲ. ಗಂಡಸರು ಟವೆಲ್ ಸುತ್ತಿ ಅರ್ಧ ನಿಮಿಷದಲ್ಲಿ ಮುಗಿಸುವ ಕೆಲಸ ಇದು! ಹೆಂಗಸರು ನೀರಿಗೆ ಇಳಿಯುವುದಿಲ್ಲ ಅನ್ನುವವರು ಬೀಚಿನಲ್ಲಿ ಒಂದು ಬಾಗಿಲಿರುವ ಕೋಣೆ ಕಟ್ಟಿಸಿ ನೋಡಲಿ.

ಅಗೊಂಡದಲ್ಲಿ ಈ ಒಂದು ಚಿಂತೆ ಇಲ್ಲ, ಅದಕ್ಕೇ ಅದು ಗೆದ್ದಿತು. ಅನಮೋಡ ಘಾಟ್ ಇಳಿದು ಕಾಣಕೋಣದ ಕಡೆ ಹೋಗಬೇಕು. ಬೀಚಿನ ಅಂಚಿನಲ್ಲೇ ಗುಡಿಸಲುಗಳಿವೆ. ಬಾಗಿಲು ತೆರೆದು ಕೆಲವು ಹೆಜ್ಜೆ ನಡೆದರೆ ನೀರು, ಎದ್ದು ಬಂದರೆ ಸ್ನಾನ. ಗುಡಿಸಲಿನಿಂದಲೇ ಸ್ವಿಮ್‌ಸೂಟಿನಲ್ಲಿ ಇಳಿಯುವ ಹೆಂಗಸರು ಬೇಕಾದಷ್ಟು. ನಮ್ಮ ಅಮ್ಮನ ವಯಸ್ಸಿನವರೂ ಇದ್ದಾರೆ. ಹಾಗಾಗಿ ನಾವು ಇಳಿದಾಗ ಯಾರೂ ತಿರುಗಿ ನೋಡಲಿಲ್ಲ. ಇದು ಪ್ಯಾರಡೈಸಿನಷ್ಟು ಒಂಟಿ ಜಾಗವಲ್ಲ. ಆದರೆ ಜನ ಇದ್ದೂ ಕಣ್ಣು ಚುಚ್ಚದಿದ್ದರೆ ನನಗೆ ಸಾಕು.

ಆಲಿವ್ ರಿಡ್ಲೆ ಆಮೆಗಳು ಇಲ್ಲಿ ಮೊಟ್ಟೆಯಿಡುತ್ತವೆ. ಅರಣ್ಯ ಇಲಾಖೆಯವರು ಆ ಗೂಡುಗಳಿಗೆ ಬೇಲಿ ಹಾಕಿರುತ್ತಾರೆ, ಅತ್ತ ಟಾರ್ಚ್ ಬಿಡಬೇಡಿ. ಅಲೆಗಳು ಜೋರು. ಕೆಂಪು ಬಾವುಟ ಕಂಡರೆ ನಾವು ಪಾದವನ್ನೂ ಇಡುವುದಿಲ್ಲ.

ಖರ್ಚು ಮಾತ್ರ ಇಲ್ಲೇ ಹೆಚ್ಚು, ಯಾಕೆಂದರೆ ರಾತ್ರಿ ಉಳಿಯಬೇಕು. ನಾವು ಬುತ್ತಿಗೆ ರೊಟ್ಟಿ, ಶೇಂಗಾ ಚಟ್ನಿ ಒಯ್ದು ಊಟದ ಹಣ ಉಳಿಸುತ್ತೇವೆ. ಆ ಹಣ ಗುಡಿಸಲಿನ ಬಾಡಿಗೆಗೆ ಸೇರುತ್ತದೆ. ಮಳೆಗಾಲಕ್ಕೆ ಗುಡಿಸಲು ಕಳಚಿಬಿಡುತ್ತಾರೆ. ಡಿಸೆಂಬರ್ ಕೊನೆಯ ವಾರದ ಬಾಡಿಗೆ ನಮ್ಮಂಥವರಿಗೆ ಆಗಿಬರುವುದಿಲ್ಲ. ಫೆಬ್ರವರಿಯಲ್ಲಿ, ವಾರದ ನಡುವೆ ಹೋಗಿ. ಬುಕ್ ಮಾಡುವ ಮೊದಲು ಫೋನ್ ಮಾಡಿ, ಬಾತ್‌ರೂಮ್ ಗುಡಿಸಲಿನ ಒಳಗೇ ಇದೆಯೋ, ಹೊರಗೆ ಎಲ್ಲರಿಗೂ ಸೇರಿ ಒಂದೇ ಇದೆಯೋ ಕೇಳಿಕೊಳ್ಳಿ.