ಬನಶಂಕರಿಯ ಒಂದು ಡೇ ಕೇರ್: ಎಂಟು ತಿಂಗಳ ಅನುಭವ

ಮಗಳಿಗೆ ಒಂದು ವರ್ಷ ಎರಡು ತಿಂಗಳಾದಾಗ ಬನಶಂಕರಿಯ ಒಂದು ಡೇ ಕೇರ್‌ಗೆ ಸೇರಿಸಿದೆ. ಈಗ ಎಂಟು ತಿಂಗಳಾಯಿತು. ಹೆಸರು ಬರೆಯುತ್ತಿಲ್ಲ, ಯಾಕೆಂದರೆ ಒಂದು ದೂರೂ ಇದೆ.

ನೋಡಲು ದೊಡ್ಡ ಜಾಗವೇನಲ್ಲ. ಹಳೆ ಮನೆಯ ಗ್ರೌಂಡ್ ಫ್ಲೋರ್, ರೆಡ್ ಆಕ್ಸೈಡ್ ನೆಲ, ಹಿಂದೆ ಒಂದು ಸೀಬೆ ಮರ. ಇದಕ್ಕೂ ಮೊದಲು ನೋಡಿದ ಎರಡು ಕಡೆ ಎಸಿ, ರಾಶಿ ಆಟದ ಸಾಮಾನು, ಗೋಡೆ ತುಂಬ ಚಿತ್ರ ಎಲ್ಲ ಇತ್ತು, ಆದರೆ ಮೂಲೆಯಲ್ಲಿ ಒಂದು ಮಗು ಅಳುತ್ತಿದ್ದರೂ ಯಾರೂ ಎತ್ತಿಕೊಳ್ಳಲಿಲ್ಲ. ಇಲ್ಲಿ ನಾವು ಫೀಸ್ ಮಾತಾಡುತ್ತಿರುವಾಗಲೇ ಒಬ್ಬ ಆಂಟಿ ನೆಲದ ಮೇಲೆ ಕೂತಿದ್ದರು. ಯಾವುದೋ ಮಗು 'ಬೌ ಬೌ' ಅಂದಿತು. 'ಹೌದಾ ಕಂದ, ನಾಯಿ ಎಲ್ಲಿ ಹೋಯ್ತು?' ಅಂತ ಕೇಳಿದರು. ನನಗೆ ಅಷ್ಟು ಸಾಕಾಯಿತು.

ಮೊದಲ ವಾರ ನನ್ನನ್ನೂ ಜೊತೆಗೆ ಕೂರಲು ಬಿಟ್ಟರು. ಆಮೇಲೆ ಎರಡು ವಾರ ಗೇಟಿನಲ್ಲಿ ಅಳು. 'ಕದ್ದು ಹೋಗಬೇಡಿ ಮೇಡಂ, ಅತ್ತರೂ ಪರವಾಗಿಲ್ಲ, ಟಾಟಾ ಹೇಳಿಯೇ ಹೋಗಿ' ಅಂದರು ಆ ಆಂಟಿ. ಹಾಗೇ ಮಾಡಿದೆ, ನಾಲ್ಕನೇ ವಾರ ಅವರನ್ನು ಕಂಡ ಕೂಡಲೇ ಮಗಳು ತಾನೇ ಕೈ ಚಾಚಿದಳು.

ದೂರು ಏನೆಂದರೆ, ಐದನೇ ತಿಂಗಳಲ್ಲಿ ಅದೇ ಆಂಟಿ ಕೆಲಸ ಬಿಟ್ಟರು, ನಮಗೆ ಯಾರೂ ಹೇಳಲೇ ಇಲ್ಲ. ಮೂರು ವಾರದಲ್ಲಿ ಮೂರು ಜನ ಬದಲಾದರು. ಮಗಳು ಊಟ ಬಿಟ್ಟಳು, ರಾತ್ರಿ ನನ್ನ ನೈಟಿ ಹಿಡಿದುಕೊಂಡೇ ಮಲಗುತ್ತಿದ್ದಳು. ಜಗಳ ಮಾಡಿಯೇ ಹೇಳಿದೆ. ಈಗ ಯಾರಾದರೂ ಬಿಡುವುದಾದರೆ ಮೊದಲೇ ತಿಳಿಸುತ್ತಾರೆ, ಹೊಸಬರು ಒಂದು ವಾರ ಹಳಬರ ಜೊತೆ ಇರುತ್ತಾರೆ.

ಆ ದಿನಗಳಲ್ಲಿ ಅತ್ತೆ 'ಅಷ್ಟು ಚಿಕ್ಕ ಮಗೂನ ಬಿಟ್ಟರೆ ನಿನ್ನನ್ನೇ ಮರೆಯುತ್ತೆ' ಅಂದಿದ್ದು ಮನಸ್ಸಿನಲ್ಲಿ ಕೂತುಬಿಟ್ಟಿತು, ಹುಡುಕಿ ಓದಿದೆ. ಅಮೆರಿಕದಲ್ಲಿ 1991ರಲ್ಲಿ ಶುರುವಾದ ಎನ್‌ಐಸಿಎಚ್‌ಡಿ (ಅಲ್ಲಿನ ಸರ್ಕಾರದ ಮಕ್ಕಳ ಆರೋಗ್ಯ ಸಂಸ್ಥೆ) ಅಧ್ಯಯನ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಹುಟ್ಟಿದಾಗಿನಿಂದ ಗಮನಿಸಿದೆ. ಡೇ ಕೇರ್‌ಗೆ ಕಳಿಸಿದ ಮಾತ್ರಕ್ಕೆ ತಾಯಿ ಮಗುವಿನ ನಂಟು ಸಡಿಲವಾಗುವುದಿಲ್ಲ ಅಂತ ಅದರಲ್ಲಿ ಕಂಡಿತು. ಮಗು ಕರೆದಾಗ ತಾಯಿ ಹೇಗೆ ಓಗೊಡುತ್ತಾಳೆ ಅನ್ನುವುದೇ ದೊಡ್ಡದು. ಮನೆಯಲ್ಲಿ ಅದು ಕಡಿಮೆಯಾಗಿ, ಡೇ ಕೇರೂ ಕಳಪೆಯಾದರೆ ಅಥವಾ ನೋಡಿಕೊಳ್ಳುವ ವ್ಯವಸ್ಥೆ ಮೇಲಿಂದ ಮೇಲೆ ಬದಲಾದರೆ ಆಗ ತೊಂದರೆ ಜಾಸ್ತಿ.

ಓದಿ ನನ್ನ ಸಂಜೆಗಳ ನೆನಪಾಯಿತು. ಸಿಲ್ಕ್ ಬೋರ್ಡ್ ದಾಟಿ ಮನೆ ಸೇರುವಾಗ ಏಳು ಗಂಟೆ, ಕೈಯಲ್ಲಿ ಆಫೀಸ್ ಫೋನ್. ಅವಳು ಎಳೆದು ಎಳೆದು ಕರೆಯುತ್ತಿದ್ದಳು, ನಾನು ಸುಮ್ನೆ 'ಹ್ಞೂಂ' ಅನ್ನುತ್ತಿದ್ದೆ. ಈಗ ಫೋನ್ ಫ್ರಿಜ್ ಮೇಲೆ. ಅರ್ಧ ಗಂಟೆ ಇಬ್ಬರೂ ನೆಲದ ಮೇಲೆ ಸ್ಟೀಲ್ ಡಬ್ಬಿ ಮುಚ್ಚುವುದು, ತೆಗೆಯುವುದು. ಊಟಕ್ಕೆ ಹಟ ಕಡಿಮೆಯಾಗಿದೆ, ನಿದ್ದೆಯೂ ಬೇಗ ಬರುತ್ತದೆ.

ಫೀಸ್ ತಿಂಗಳಿಗೆ 11 ಸಾವಿರ. 50 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಇರಬೇಕು, ತಾಯಿ ದಿನಕ್ಕೆ 4 ಸಲ ಹೋಗಿ ನೋಡಬಹುದು ಅಂತ 2017ರಲ್ಲೇ ಹೆರಿಗೆ ಸೌಲಭ್ಯದ ಕಾನೂನಿಗೆ ತಿದ್ದುಪಡಿ ಆಗಿದೆ. ಹಾಗಾಗಿ ಮೊದಲು ಆಫೀಸಿನಲ್ಲಿ ಕೇಳಿ. ಡೇ ಕೇರ್ ನೋಡಲು ಹೋಗುವವರು ಬೆಳಗ್ಗೆ ಹೋಗಬೇಡಿ, ಹನ್ನೆರಡೂವರೆಗೆ, ಊಟ ತಿನ್ನಿಸುವ ಹೊತ್ತಿಗೆ ಹೋಗಿ. ಆಂಟಿ ಮಗುವಿನ ಮುಖ ನೋಡಿ ತುತ್ತು ಕೊಡುತ್ತಾರಾ, ಟಿವಿ ನೋಡಿಕೊಂಡಾ ಅಂತ ಅಲ್ಲೇ ಗೊತ್ತಾಗುತ್ತದೆ.